ಪುಟ್ಟ ಗೊಡುಗು

ಗೋಪಾಲಕೃಷ್ಣನಿಗೆ ಅಣಬೆಯ ವಿಷಯದಲ್ಲಿ ಗೊತ್ತಿದ್ದದ್ದು ಎರಡೇ ಎರಡು. ಗುಡುಗು ಮಳೆಯಾದರೆ ಅದು ಏಳುತ್ತದೆ. ಮತ್ತು ವಿಶಾಖಪಟ್ಟಣದ ವಲಯ ಕಚೇರಿಯ ದೊಡ್ಡ ಸಾಹೇಬರಾದ ಭೀಮಸೇನ ರಾಯರಿಗೆ ಅದೆಂದರೆ ಪ್ರಾಣ. ಮೊದಲನೆಯದು ಮಗಳ ಪಾಠಪುಸ್ತಕದಲ್ಲಿ ಓದಿದ್ದು, ಎರಡನೆಯದು ಸಾಹೇಬರ ಬಾಯಿಂದಲೇ ಕೇಳಿದ್ದು. ಇಷ್ಟು ವಿದ್ಯೆ ಇಟ್ಟುಕೊಂಡ ಮನುಷ್ಯ ತೆಪ್ಪಗಿರಬೇಕಿತ್ತು. ಇರಲಿಲ್ಲ.

೨೦೦೫ರ ಜುಲೈ. ವಿಶಾಖಪಟ್ಟಣದಲ್ಲಿ ಬ್ಯಾಂಕಿನ ಮ್ಯಾನೇಜರುಗಳ ಸಭೆ ನಡೆದಿತ್ತು. ಊಟದ ಹೊತ್ತಿನಲ್ಲಿ ರಾಯರು ಅನ್ನಕ್ಕೆ ಗೋಂಗೂರ ಪಚ್ಚಡಿ ಕಲಸುತ್ತ ದೊಡ್ಡದೊಂದು ನಿಟ್ಟುಸಿರು ಬಿಟ್ಟರು. ಅವರು ಧಾರವಾಡದವರು. ಊರು ಬಿಟ್ಟು ಮೂವತ್ತು ವರ್ಷವಾದರೂ ಊರಿನ ಮಾತು ಬಿಟ್ಟಿರಲಿಲ್ಲ.

“ಈ ಆಂಧ್ರದಾಗ ಎಲ್ಲಾ ಸಿಗ್ತದ್ರೀ. ಆದ್ರ ನಮ್ಮ ಕಡೀ ಅಡವ್ಯಾಗಿನ ಅಣಬಿ ಸಿಗಂಗಿಲ್ಲ ನೋಡ್ರಿ. ಅಂಗಡ್ಯಾಗ ಪ್ಲಾಸ್ಟಿಕ್ ಡಬ್ಬ್ಯಾಗ ಇಟ್ಟು ಮಾರ್ತಾರಲ್ಲ, ಅದು ಅಣಬಿ ಅಲ್ಲ, ರಬ್ಬರು.”

“ಸಿಗುತ್ತೆ ಸರ್,” ಎಂದುಬಿಟ್ಟ ಗೋಪಾಲಕೃಷ್ಣ. “ವಿಜಯವಾಡದಲ್ಲಿ ನಮ್ಮ ಮನೆ ಹತ್ರಾನೇ ಸಿಗುತ್ತೆ, ಕೃಷ್ಣಾ ನದಿ ದಂಡೆ ಮೇಲೆ. ನಾನೇ ಆರಿಸಿ ತರ್ತೀನಿ. ಚಿಕ್ಕಂದಿನಿಂದ ಅಭ್ಯಾಸ.”

ಚಿಕ್ಕಂದಿನಲ್ಲಿ ಅವನು ಇದ್ದದ್ದು ಹಾಸನದ ಬಸ್ ಸ್ಟ್ಯಾಂಡಿನ ಹಿಂದೆ. ಅಲ್ಲಿ ಆರಿಸಲು ಸಿಗುತ್ತಿದ್ದದ್ದು ಬಸ್ ಟಿಕೆಟ್ ಮಾತ್ರ.

ರಾಯರ ಕೈ ತಟ್ಟೆಯಲ್ಲೇ ನಿಂತಿತು. “ಹೌದೇನ್ರೀ! ಬರೋ ತಿಂಗಳು ನಿಮ್ಮ ಬ್ರಾಂಚಿನ ಇನ್ಸ್‌ಪೆಕ್ಷನ್ನಿಗೆ ನಾನ ಬರ್ತೀನಿ. ಊಟ ನಿಮ್ಮ ಮನ್ಯಾಗ. ನಮ್ಮಾಕಿಗೆ ಮಾತ್ರ ಸುದ್ದಿ ಹೋಗಬಾರದು ಮತ್ತ. ಅಕಿ ಉಳ್ಳಾಗಡ್ಡಿನೂ ಹೊಸ್ತಿಲ ದಾಟಿಸಂಗಿಲ್ಲ.”

ಈ ಸುಳ್ಳಿಗೆ ಕಾರಣವಿಲ್ಲದೆ ಇರಲಿಲ್ಲ. ಗೋಪಾಲಕೃಷ್ಣ ಮೂರು ವರ್ಷಕ್ಕೆಂದು ವಿಜಯವಾಡದ ಆಟೋನಗರ್ ಶಾಖೆಗೆ ಬಂದವನು, ಈಗ ನಡೆಯುತ್ತಿದ್ದದ್ದು ಆರನೆಯ ವರ್ಷ. ಅವನ ಹೆಂಡತಿ ಕಮಲಾಕ್ಷಿ ಹಾಸನದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಗಂಡನ ಹಿಂದೆ ಬರುವಾಗ ಸಂಬಳವಿಲ್ಲದ ರಜೆ ಹಾಕಿ ಬಂದಿದ್ದಳು, ವರ್ಷ ವರ್ಷ ಅದನ್ನೇ ಎಳೆಯುತ್ತಿದ್ದಳು. ಈ ಸಲ ಶಾಲೆಯವರು ಖಡಾಖಂಡಿತವಾಗಿ ಕಾಗದ ಬರೆದಿದ್ದರು: ಅಕ್ಟೋಬರ್ ಒಂದರಂದು ಬಂದು ಸಹಿ ಹಾಕದಿದ್ದರೆ ಕೆಲಸ ಇಲ್ಲ. “ನಾನೊಬ್ಳೇ ಹೋಗಿ ಮನೆ ಎರಡು ಮಾಡಲ್ಲ. ಹೋದ್ರೆ ಮೂರೂ ಜನ ಹೋಗೋಣ” ಎನ್ನುವುದು ಅವಳ ಹಟ. ಮೂರೂ ಜನ ಹೋಗಬೇಕೆಂದರೆ ಗೋಪಾಲಕೃಷ್ಣನಿಗೆ ಹಾಸನಕ್ಕೆ ವರ್ಗವಾಗಬೇಕು. ವರ್ಗದ ಅರ್ಜಿಯ ಮೇಲೆ ಶಿಫಾರಸು ಬರೆಯಬೇಕಾದವರು ಭೀಮಸೇನ ರಾಯರು. ಹೀಗಾಗಿ ಕಮಲಾಕ್ಷಿಯ ಕೆಲಸ ಹೋಗಿ ಅಣಬೆಯ ಕೊಡೆಯಡಿ ಕುಳಿತಿತ್ತು.

“ನಿಮಗೆ ಅಣಬೆ ಗೊತ್ತೇನ್ರೀ?” ಎಂದು ಕೇಳಿದಳು ಅವಳು, ಸುದ್ದಿ ತಿಳಿದ ದಿನ.

“ಅದರಲ್ಲೇನಿದೆ? ಇಲ್ಲಿಯವರನ್ನ ಕೇಳಿದ್ರಾಯ್ತು. ತೆಲುಗು ಬರುತ್ತಲ್ಲ ನಂಗೆ.”

ತೆಲುಗು ಬರುತ್ತದೆ ಎಂಬುದು ಗೋಪಾಲಕೃಷ್ಣನ ದೊಡ್ಡ ಹೆಮ್ಮೆ. ಅದಕ್ಕೆ ಅವನಲ್ಲಿ ಒಂದು ಸೂತ್ರವಿತ್ತು. ತೆಲುಗಿನ ‘ಪ’ ಕಿತ್ತು ‘ಹ’ ಇಟ್ಟರೆ ಮುಗಿಯಿತು, ಕನ್ನಡ! ಪಾಲು ಎಂದರೆ ಹಾಲು, ಪುಲಿ ಎಂದರೆ ಹುಲಿ, ಪಂದಿ ಹಂದಿ, ಪಾಮು ಹಾವು. ಕರ್ನಾಟಕದಿಂದ ಹೊಸದಾಗಿ ವರ್ಗವಾಗಿ ಬಂದ ಗುಮಾಸ್ತರನ್ನೆಲ್ಲ ಕೂರಿಸಿಕೊಂಡು ಈ ಪಾಠ ಒಪ್ಪಿಸುತ್ತಿದ್ದ. ಮಗಳು ಶ್ರೀರಕ್ಷಾ ಒಂಬತ್ತನೆಯ ಕ್ಲಾಸು. ನಾಲ್ಕನೆಯ ಕ್ಲಾಸಿನಿಂದ ಓದಿದ್ದೆಲ್ಲ ಇಲ್ಲೇ ಆದ್ದರಿಂದ ಅವಳ ಬಾಯಲ್ಲಿ ತೆಲುಗು ನೀರಿನ ಹಾಗೆ, ಕನ್ನಡ ಮಾತ್ರ ತೊದಲು. ಅವಳಿಗೂ ಇದೇ ಪಾಠ, ಕನ್ನಡ ಕಲಿಯಲಿ ಎಂದು. ಇಂಥ ಪಂಡಿತನಿಗೆ ಯಾರು ಏನು ಹೇಳಿಕೊಡಲು ಸಾಧ್ಯ ಹೇಳಿ!

ಆದರೂ ಆಗಸ್ಟಿನ ಒಂದು ಶನಿವಾರ, ರಾಯರು ಊರಿಗೆ ಬಂದಿಳಿದ ದಿನ, ಮನೆಗೆಲಸದ ಸೂರ್ಯಕಾಂತಮ್ಮನನ್ನು ಕರೆದು ಕೇಳಿದ. ಆಕೆ ಭವಾನಿಪುರಂ ಘಾಟಿನ ಹತ್ತಿರದ ಗುಡಿಸಲುಗಳಲ್ಲಿ ಹುಟ್ಟಿ ಬೆಳೆದವಳು, ನದೀದಂಡೆಯ ಪ್ರತಿ ಗಿಡವೂ ಗೊತ್ತಿದ್ದವಳು.

“ಪುಟ್ಟ ಗೊಡುಗುಲೇ ತಿನಾಲಿ ಬಾಬೂ,” ಎಂದಳು ಸೂರ್ಯಕಾಂತಮ್ಮ, ಬೆರಳೆತ್ತಿ. “ಪುಟ್ಟವಿ ಮಾತ್ರಮೇ. ಮಿಗತಾವಿ ಮುಟ್ಟುಕೋಕಂಡಿ.”

ಗೊಡುಗು ಎಂದರೆ ಕೊಡೆ, ಅಂದರೆ ಅಣಬೆ, ಅಷ್ಟು ಗೊತ್ತಿತ್ತು. ಪುಟ್ಟದ್ದನ್ನು ಮಾತ್ರ ತಿನ್ನಬೇಕು, ಮಿಕ್ಕದ್ದನ್ನು ಮುಟ್ಟಬಾರದು. ಎಷ್ಟು ಸರಳ! ಗೋಪಾಲಕೃಷ್ಣ ತಲೆಯಾಡಿಸಿದ. ‘ಪುಟ್ಟ’ ಎಂಬ ಮಾತಿಗೆ ಸೂತ್ರ ಹಚ್ಚಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಅದು ಆಗಲೇ ಅಚ್ಚಕನ್ನಡವಾಗಿ ಕುಳಿತಿತ್ತಲ್ಲ. ಪುಟ್ಟ ಮಗು, ಪುಟ್ಟ ಮನೆ, ಪುಟ್ಟ ಅಣಬೆ.

ಭಾನುವಾರ ಬೆಳಕು ಹರಿಯುತ್ತಲೇ ಬುಟ್ಟಿ ಹಿಡಿದು ನದಿಯ ಕಡೆ ಹೊರಟ. ಹಿಂದಿನ ರಾತ್ರಿ ಗುಡುಗಿ ಸುರಿದಿತ್ತು. ಕೃಷ್ಣೆ ಕೆಂಪಾಗಿ, ಅಗಲವಾಗಿ ಹರಿಯುತ್ತಿದ್ದಳು, ಆಚೆ ಭವಾನಿ ದ್ವೀಪ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು. ತಾಳೆಮರಗಳ ಸಾಲಿನ ಕೆಳಗೆ ಎದೆಮಟ್ಟದ ಒಂದು ಹುತ್ತ. ಅದರ ಬುಡದ ಸುತ್ತ ಬೆಳ್ಳಗೆ, ಒಂದೊಂದೂ ಊಟದ ತಟ್ಟೆಯಷ್ಟು ಅಗಲವಾಗಿ, ನಡುವೆ ಮೊನಚು ತಲೆ ಎತ್ತಿಕೊಂಡು ಇಪ್ಪತ್ತು ಮೂವತ್ತು ಅಣಬೆ ಎದ್ದಿದ್ದವು. ಹುತ್ತಕ್ಕೆ ಕೈಮುಗಿದ ಗೋಪಾಲಕೃಷ್ಣ ಅಣಬೆಗಳನ್ನು ಮಾತ್ರ ಅನುಮಾನದಿಂದ ನೋಡಿದ. ಇಷ್ಟು ದೊಡ್ಡದು! ಸೂರ್ಯಕಾಂತಮ್ಮ ಹೇಳದೆ ಇದ್ದಿದ್ದರೆ ಮೋಸಹೋಗುತ್ತಿದ್ದೆನಲ್ಲ ಎಂದುಕೊಂಡು ಮುಂದೆ ನಡೆದ. ಹತ್ತು ಹೆಜ್ಜೆಯಾಚೆ, ಕೊಳೆತ ಜೊಂಡು ಮತ್ತು ಎಮ್ಮೆಯ ಸಗಣಿ ಬಿದ್ದಲ್ಲಿ, ಅಂಗಿಯ ಗುಂಡಿಯಷ್ಟು ಪುಟ್ಟ ಪುಟ್ಟ ಅಣಬೆಗಳು ಒತ್ತಾಗಿ ಎದ್ದಿದ್ದವು. ಕುಕ್ಕರಗಾಲಲ್ಲಿ ಕುಳಿತು ಬುಟ್ಟಿ ತುಂಬಿಸಿದ.

ಏಳುವಷ್ಟರಲ್ಲಿ ಒಬ್ಬ ಹೆಂಗಸು ಬಂದು ಹುತ್ತದ ಬುಡದ ದೊಡ್ಡ ಅಣಬೆಗಳನ್ನು ಕಿತ್ತು ಸೆರಗಿಗೆ ತುಂಬಿಕೊಳ್ಳತೊಡಗಿದಳು. ಗೋಪಾಲಕೃಷ್ಣನ ಕರುಳು ಚುರ್ ಎಂದಿತು. ಪಾಪ, ಮನೆಯಲ್ಲಿ ಮಕ್ಕಳಿರಬಹುದು.

“ಪೆದ್ದವಿ ವದ್ದು ಅಮ್ಮಾ!” ಎಂದು ಕೂಗಿದ, ದೊಡ್ಡದು ಬೇಡ ಎಂದು. “ಪುಟ್ಟ! ಪುಟ್ಟವಿ!”

ಅವಳು ಮುಖವರಳಿಸಿ ಸೆರಗು ಬಿಡಿಸಿ ತೋರಿಸಿದಳು. “ಅವುನಂಡಿ, ಇವಿ ಪುಟ್ಟವೇ!”

ತಟ್ಟೆಯಗಲದ್ದನ್ನು ಹಿಡಿದುಕೊಂಡು ಪುಟ್ಟದ್ದು ಎನ್ನುತ್ತಾಳಲ್ಲ! ಗೋಪಾಲಕೃಷ್ಣ ತನ್ನ ಬುಟ್ಟಿ ತೋರಿಸಿ, ನೋಡು, ಪುಟ್ಟದ್ದು ಅಂದರೆ ಇದು ಎನ್ನುವಂತೆ ಬೆರಳಲ್ಲಿ ಅಳತೆ ಹಿಡಿದ. ಅವಳು ಬುಟ್ಟಿಯೊಳಗೆ ಇಣುಕಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಏನೋ ಗೊಣಗಿಕೊಂಡು ಬಿರಬಿರನೆ ಹೊರಟುಹೋದಳು. ಓದು ಬರಹ ಇಲ್ಲದಿದ್ದರೆ ಹೀಗೇ ಎಂದುಕೊಂಡು ಅವನೂ ಮನೆಗೆ ನಡೆದ.

ಕಮಲಾಕ್ಷಿ ಬುಟ್ಟಿ ನೋಡಿ ಮುಖ ಸಿಂಡರಿಸಿದಳು. ಅವಳು ಅಣಬೆ ತಿನ್ನುವವಳಲ್ಲ. ಮುಟ್ಟಲೂ ಮನಸ್ಸಿರಲಿಲ್ಲ. ಆದರೂ ಹಾಸನದ ಹೈಸ್ಕೂಲು ಕಣ್ಣ ಮುಂದೆ ಬಂದು ಈಳಿಗೆಮಣೆ ಎಳೆದುಕೊಂಡಳು. ಕುದಿಯುವಾಗ ದೇವರ ಮನೆಯ ಬೆಳ್ಳಿ ಚಮಚ ಅದ್ದಿದಳು. ವಿಷವಾದರೆ ಬೆಳ್ಳಿ ಕಪ್ಪಾಗುತ್ತದೆಂದು ಅವಳ ಅತ್ತೆ ಹೇಳುತ್ತಿದ್ದರಂತೆ. ಚಮಚ ಥಳಥಳ ಎನ್ನುತ್ತಲೇ ಇತ್ತು. ಆಮೇಲೆ ಆಸ್ಪತ್ರೆಯ ಡಾಕ್ಟರು ಈ ಮಾತು ಕೇಳಿ ನಕ್ಕರಂತೆ. ಅಣಬೆಯ ವಿಷ ಬೆಳ್ಳಿಗೆ ಹೆದರುವುದಿಲ್ಲವಂತೆ. ಅದು ಆಮೇಲಿನ ಮಾತು. ಆಗ ಮಾತ್ರ ಗಂಡಹೆಂಡತಿ ಇಬ್ಬರಿಗೂ ಜೀವ ತಂಪಾಯಿತು.

ಹನ್ನೆರಡೂವರೆಗೆ ರಾಯರು ಬಂದರು. ಗಸಗಸೆ, ಕೊಬ್ಬರಿ ಅರೆದು ಹಾಕಿ ಮಾಡಿದ ಪಲ್ಯ ಕಂಡದ್ದೇ ಕಣ್ಣು ಮುಚ್ಚಿ ವಾಸನೆ ಎಳೆದುಕೊಂಡರು. “ಇಷ್ಟ ಸಣ್ಣ ಅಣಬಿ ನಾ ನೋಡೇ ಇಲ್ಲ ಬಿಡ್ರಿ” ಎಂದಾಗ ಗೋಪಾಲಕೃಷ್ಣ, “ಇಲ್ಲಿನ ಸ್ಪೆಷಲ್ ಸರ್, ಪುಟ್ಟ ಗೊಡುಗು ಅಂತಾರೆ” ಎಂದು ವಿವರಿಸಿದ. ರಾಯರು ಮೂರು ಸಲ ಹಾಕಿಸಿಕೊಂಡರು. ಗೋಪಾಲಕೃಷ್ಣನಿಗೆ ಉಳಿದದ್ದು ಎರಡು ಚಮಚ. ಶ್ರೀರಕ್ಷಾ ಟ್ಯೂಷನ್ನಿಗೆ ಹೋಗಿದ್ದಳು. ಊಟವಾದ ಮೇಲೆ ರಾಯರು ಕಮಲಾಕ್ಷಿಯ ಕಡೆ ತಿರುಗಿ, “ನಿಮ್ಮ ಹಾಸನದ್ದು ನನಗ ನೆನಪದ ತಂಗಿ. ಹೋದ ಕೂಡಲೇ ಸಹಿ ಮಾಡ್ತೀನಿ” ಎಂದರು. ಕಮಲಾಕ್ಷಿಗೆ ಅಳುವೇ ಬಂದುಬಿಟ್ಟಿತು. ಎರಡೂವರೆಯ ರೈಲಿಗೆ ಗೋಪಾಲಕೃಷ್ಣನೇ ಹೋಗಿ ಅವರನ್ನು ಹತ್ತಿಸಿ ಬಂದ.

ನಾಲ್ಕು ಗಂಟೆಗೆ ಪಾತ್ರೆ ತಿಕ್ಕಲು ಸೂರ್ಯಕಾಂತಮ್ಮ ಬಂದಳು. ಹಿತ್ತಲಿನ ಕಸದ ಬುಟ್ಟಿಯಲ್ಲಿ ಕಮಲಾಕ್ಷಿ ಕತ್ತರಿಸಿ ಎಸೆದಿದ್ದ ಬುಡಗಳೂ, ನಾಲ್ಕಾರು ಇಡೀ ಅಣಬೆಗಳೂ ಬಿದ್ದಿದ್ದವು. ಅವಳು ಅದನ್ನು ಕಡ್ಡಿಯಲ್ಲಿ ಕೆದಕಿ ನೋಡಿದವಳೇ ಕಿಟಾರನೆ ಕಿರುಚಿದಳು.

“ಅಮ್ಮಗಾರೂ! ಇವಿ ಕುಕ್ಕ ಗೊಡುಗುಲು! ಎವರು ತಿನ್ನಾರು?”

ಕುಕ್ಕ ಗೊಡುಗು, ನಾಯಿಕೊಡೆ. ಯಾರು ತಿಂದರು ಎಂದು ಕೇಳುತ್ತಿದ್ದಾಳೆ. ಗೋಪಾಲಕೃಷ್ಣನಿಗೆ ಸಿಟ್ಟು ಬಂತು. “ನೀನೇ ಅಲ್ವೇನಮ್ಮ ಪುಟ್ಟದ್ದು ತಿನ್ನಿ ಅಂದದ್ದು!” ಎಂದು ತೆಲುಗು ಕನ್ನಡ ಕಲಸಿ ಗದರಿದ. ಅವಳು ಹಣೆ ಹಣೆ ಬಡಿದುಕೊಳ್ಳುತ್ತ ಕೈಯನ್ನು ಎದೆಮಟ್ಟಕ್ಕೆ ಎತ್ತಿ ಗೋಪುರದ ಆಕಾರ ತೋರಿಸತೊಡಗಿದಳು. ಪುಟ್ಟದ್ದು ಎಂದರೆ ಎದೆಮಟ್ಟ ಯಾಕೆ ತೋರಿಸುತ್ತಾಳೆ ಎಂದು ಅವನಿಗೆ ಅರ್ಥವಾಗಲಿಲ್ಲ.

ಟ್ಯೂಷನ್ನಿನಿಂದ ಬಂದು ಚಪ್ಪಲಿ ಬಿಡುತ್ತಿದ್ದ ಶ್ರೀರಕ್ಷಾ ಬಾಗಿಲಲ್ಲೇ ನಿಂತು ಹೇಳಿದಳು: “ನಾನ್ನಾ, ಪುಟ್ಟ ಅಂಟೇ ಚಿಕ್ಕದು ಕಾದು, ಚಿಕ್ಕದಲ್ಲ. ಹುತ್ತ. ಪಾಮು, ಅಲ್ಲ, ಹಾವು ಇರುತ್ತಲ್ಲ, ಆ ಹುತ್ತ. ಹುತ್ತದ ಮೇಲೆ ಬರೋದು ಪುಟ್ಟ ಗೊಡುಗು. ‘ಪ’ ತೆಗೆದು ‘ಹ’ ಹಾಕು ಅಂತ ನೀವೇ ಹೇಳ್ತೀರಲ್ಲ?”

ಗೋಪಾಲಕೃಷ್ಣ ಅಲ್ಲೇ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದ. ಅವನು ತಿಂದದ್ದು ಎರಡು ಚಮಚ. ರಾಯರು ಒಂದು ಬಾಣಲೆ.

“ಫೋನ್ ಮಾಡಿ,” ಎಂದಳು ಕಮಲಾಕ್ಷಿ.

ಮಾಡಬೇಕು. ಮಾಡಲೇಬೇಕು. ಆದರೆ ಗೋಪಾಲಕೃಷ್ಣನ ತಲೆ ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿ ಪಳಗಿದ ತಲೆ, ಅದು ತನ್ನ ಪಾಡಿಗೆ ಓಡತೊಡಗಿತು. ವಿಷವಲ್ಲದೆಯೂ ಇರಬಹುದಲ್ಲ. ನನಗೆ ಇನ್ನೂ ಏನೂ ಆಗಿಲ್ಲವಲ್ಲ. ಏನೋ ಸ್ವಲ್ಪ ಹೊಟ್ಟೆ ಕೆಟ್ಟರೂ ದಾರಿಯ ಏಲೂರಿನ ಸ್ಟೇಷನ್ನಿನಲ್ಲಿ ರಾಯರು ಮಿರಪಕಾಯಿ ಬಜ್ಜಿ ತಿನ್ನದೆ ಇರುವವರಲ್ಲ, ಬಜ್ಜಿಯ ಮೇಲೆ ಹೋಗುತ್ತದೆ. ನಾಳೆ ಬೆಳಗ್ಗೆ ಸಹಿಯಾಗುತ್ತದೆ. ಈಗ ಫೋನ್ ಮಾಡಿದರೆ ಸಹಿಯೂ ಇಲ್ಲ, ಹಾಸನವೂ ಇಲ್ಲ, ಇವಳ ಕೆಲಸವೂ ಇಲ್ಲ. ಅಲ್ಲವೇ, ಇವಳ ಸಲುವಾಗಿಯೇ ತಾನೇ ಇದೆಲ್ಲ?

“ಸ್ವಲ್ಪ ನೋಡೋಣ ಕಣೇ,” ಎಂದ. “ನಂಗೆ ಹೇಗಾಗುತ್ತೆ ಅಂತ ನೋಡ್ಕೊಂಡು...”

“ಏನು ನೋಡೋದು?”

“ನಿನ್ನ ಕೆಲಸ ಹೋಗುತ್ತೆ, ಕಮಲಾ.”

ಕಮಲಾಕ್ಷಿ ಮೇಜಿನ ಮೇಲಿದ್ದ ಮೊಬೈಲು ತಂದು ಅವನ ಕೈಗೆ ತುರುಕಿ, ಎದುರಿಗೆ ನಿಂತಳು. ಕ್ಲಾಸಿನಲ್ಲಿ ಕಾಪಿ ಹೊಡೆದವನ ಡೆಸ್ಕಿನ ಮುಂದೆ ಅವಳು ಹೀಗೇ ನಿಲ್ಲುತ್ತಿದ್ದಳೇನೋ. ಗೋಪಾಲಕೃಷ್ಣ ನಂಬರು ಒತ್ತಿದ. ಮೊದಲ ಎರಡು ಸಲ ಸಿಗಲಿಲ್ಲ. ಸಿಗದೇ ಇರಲಿ ದೇವರೇ ಎಂದು ಅವನು ಬೇಡಿಕೊಂಡದ್ದು ನಿಜ. ಮೂರನೆಯ ಸಲ ಸಿಕ್ಕಿತು.

“ಏನ್ರೀ ಗೋಪಾಲಕೃಷ್ಣ! ಇನ್ನೂ ಬಾಯಾಗ ಅದರ ರುಚಿ ಅದ ನೋಡ್ರಿ!”

ಅವನು ಹೇಳಿದ. ಸುತ್ತಿ ಬಳಸಿ ಹೇಳಲು ಹೊರಟವನು ಕಮಲಾಕ್ಷಿಯ ಮುಖ ನೋಡಿ ನೇರವಾಗಿ ಹೇಳಿದ. ತನಗೆ ಅಣಬೆ ಗೊತ್ತೇ ಇಲ್ಲ, ಚಿಕ್ಕಂದಿನ ಅಭ್ಯಾಸವೆಂದದ್ದು ಸುಳ್ಳು, ಹುತ್ತದ ಮೇಲಿನದು ಬಿಟ್ಟು ಸಗಣಿಯ ಮೇಲಿನದು ತಂದೆ, ದಯವಿಟ್ಟು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಆಸ್ಪತ್ರೆಗೆ ಹೋಗಿ. ಆಮೇಲೆ ರಾಯರು ಧಾರವಾಡದ ಭಾಷೆಯಲ್ಲಿ ಗೋಪಾಲಕೃಷ್ಣನ ಹಿಂದಿನ ಮೂರು ತಲೆಮಾರನ್ನು ವಿಚಾರಿಸಿಕೊಂಡು ಫೋನು ಇಟ್ಟರು.

ರಾಜಮಂಡ್ರಿಯಲ್ಲಿ ಅವರು ಇಳಿಯುವ ಹೊತ್ತಿಗೆ ಎರಡು ಸಲ ವಾಂತಿಯಾಗಿತ್ತಂತೆ. ಅಲ್ಲಿನ ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದ್ದರು. ಬೇಗ ಬಂದದ್ದು ಒಳ್ಳೆಯದಾಯಿತು, ರಾತ್ರಿಯವರೆಗೆ ಬಿಟ್ಟಿದ್ದರೆ ಈ ವಯಸ್ಸಿಗೆ ಹೇಳುವ ಹಾಗಿರಲಿಲ್ಲ ಎಂದರಂತೆ ಡಾಕ್ಟರು. ಇತ್ತ ಗೋಪಾಲಕೃಷ್ಣನೂ ಒಂದು ರಾತ್ರಿ ಆಸ್ಪತ್ರೆಯಲ್ಲಿ ಕಳೆದು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿ, ಹಗುರಾಗಿ ಮನೆಗೆ ಬಂದ.

ಮನಸ್ಸು ಮಾತ್ರ ಹಗುರಾಗಲಿಲ್ಲ. ರಾಯರಿಂದ ಮೂರು ವಾರ ಫೋನಿಲ್ಲ, ಕಾಗದವಿಲ್ಲ. ರಾಜ್ಯದ ಆ ತುದಿಯ ಶ್ರೀಕಾಕುಳಂ ಕಡೆಗೆ ಎತ್ತಿ ಎಸೆಯುತ್ತಾರೆ ಎಂದು ಗೋಪಾಲಕೃಷ್ಣ ದಿನಕ್ಕೆರಡು ಸಲ ಹೇಳುತ್ತಿದ್ದ. ಕಮಲಾಕ್ಷಿ ಕ್ಯಾಲೆಂಡರು ನೋಡುವುದನ್ನು ನಿಲ್ಲಿಸಿದ್ದಳು. ಅವಳು ಬೈಯಲಿಲ್ಲ, ಅತ್ತದ್ದೂ ಇಲ್ಲ. ಅದೇ ಅವನಿಗೆ ಹೆದರಿಕೆ.

ಸೆಪ್ಟೆಂಬರಿನ ಹತ್ತಕ್ಕೋ ಹನ್ನೊಂದಕ್ಕೋ, ಅವನು ಶಾಖೆಯಿಂದ ಬಂದು ಕಾಫಿ ಕುಡಿಯುತ್ತಿದ್ದಾಗ ಫೋನು ಬಂತು.

“ಗೋಪಾಲಕೃಷ್ಣ, ನಾನ್ರೀ.” ರಾಯರ ದನಿಯಲ್ಲಿ ಸಿಟ್ಟಿರಲಿಲ್ಲ. “ಅವತ್ತ ನಿಮ್ಮನ್ನ ಭಾಳ ಬೈದೆ. ಆಸ್ಪತ್ರ್ಯಾಗ ಮಕ್ಕೊಂಡು ವಿಚಾರ ಮಾಡಿದೆ. ಈ ಮನಷ್ಯಾಗ ನನ್ನ ಸಹಿ ಬೇಕಾಗಿತ್ತು. ಒಂದ ದಿನ ಬಾಯಿ ಮುಚ್ಚಿಕೊಂಡಿದ್ರ ಸಹಿ ಆಗ್ತಿತ್ತು. ಆದ್ರ ಮುಚ್ಚಿಕೊಳ್ಳಲಿಲ್ಲ. ನನ್ನ ಸರ್ವಿಸಿನ್ಯಾಗ ಇಂಥಾ ಮನಷ್ಯಾನ್ನ ನೋಡಿಲ್ಲ.”

ಗೋಪಾಲಕೃಷ್ಣ ಕೈಸನ್ನೆ ಮಾಡಿ ಕಮಲಾಕ್ಷಿಯನ್ನು ಹತ್ತಿರ ಕರೆದ. ಸತ್ಯಕ್ಕೆ ಬೆಲೆ ಇದೆ ಕಣೇ ಎಂದು ಅವಳ ಮುಂದೆ ಹೇಳಲು ವಾಕ್ಯವೂ ತಯಾರಾಯಿತು.

“ಅದಕ್ಕ ನಿಮ್ಮ ಆರ್ಡರ್ ನಾನ ಕುಂತು ಮಾಡಿಸೀನಿ,” ಎಂದರು ರಾಯರು. “ನಿಮ್ಮಂಥಾವರನ್ನ ಹಾಸನಕ್ಕ ಕಳಿಸಿ ಕಳಕೊಳ್ಳಾಕ ಆಗ್ತದೇನ್ರೀ? ಇಲ್ಲೇ ವಿಶಾಖಪಟ್ಟಣಕ್ಕ ಬರ್ರಿ, ನನ್ನ ಕೈಯಾಗ. ವಿಜಿಲೆನ್ಸ್ ಸೆಕ್ಷನ್. ಪೂರಾ ಮೂರು ವರ್ಷ, ಯಾರೂ ಅಲ್ಲಾಡಿಸಂಗಿಲ್ಲ. ಊರ ಅಂಚಿಗೆ ಪೆಂಡುರ್ತಿಯೊಳಗ ಮನೀನೂ ನೋಡಿಟ್ಟೀನಿ. ಖುಷಿ ಆತಿಲ್ಲೋ?”

ಗೋಪಾಲಕೃಷ್ಣ ಹೆಂಡತಿಯ ಮುಖ ನೋಡಿದ. ಅವಳು ಕಣ್ಣಲ್ಲೇ ‘ಹಾಸನವಾ?’ ಎಂದು ಕೇಳುತ್ತಿದ್ದಳು.

“ಬಹಳ ಸಂತೋಷ ಸರ್,” ಎಂದ.

ಫೋನು ಇಟ್ಟ ಮೇಲೆ ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ರೇಗಿಹೋಯಿತು. “ನೋಡಿದ್ಯಾ? ನೀನು ನಿಂತು ಫೋನ್ ಮಾಡಿಸ್ದೆ. ಸುಮ್ನಿದ್ದಿದ್ರೆ ಹಾಸನ ಸಿಗ್ತಿತ್ತು!”

“ಸುಮ್ನಿದ್ದಿದ್ರೆ ನಿಮಗೆ ಹಾಸನ ಸಿಗ್ತಿತ್ತು,” ಎಂದಳು ಕಮಲಾಕ್ಷಿ. “ನಾನು ಸಿಗ್ತಿರಲಿಲ್ಲ.”

ಗೋಪಾಲಕೃಷ್ಣ ತಣ್ಣಗಾದ ಕಾಫಿ ಕುಡಿದು ಮುಗಿಸಿದ. ಆಮೇಲೆ, ಅವಳ ಕೋಪ ಇಳಿದಿರಬಹುದೆಂದು ಮೆಲ್ಲಗೆ ಕೇಳಿದ: “ಹಾಗಾದ್ರೆ ಈಗ? ಪೆಂಡುರ್ತಿ ಮನೆ...”

“ಮನೆ ಎರಡಾದ್ರೂ ಆಗಲಿ, ಕೆಲಸ ಬಿಡಲ್ಲ. ಪೆಂಡುರ್ತಿ ಮನೆಗೆ ನೀವು ಹೋಗಿ. ಶ್ರೀರಕ್ಷಾಗೆ ಈ ಕಡೆಯ ಓದೇ ಸರಿ, ಅವಳು ನಿಮ್ಮ ಜೊತೆ ಇರ್ತಾಳಂತೆ, ಹೋದ ವಾರವೇ ಕೇಳಿಟ್ಟಿದೀನಿ. ನಂಗೆ ಮೂವತ್ತನೇ ತಾರೀಖು ಹಾಸನದಲ್ಲಿರೋ ಹಾಗೆ ಒಂದು ಟಿಕೆಟ್ ಮಾಡಿಸಿ.”

“ಅಂದ್ರೆ ಕಮಲಾ, ನಾನು ಸತ್ಯ ಹೇಳಿದ್ರೂ ಅಷ್ಟೇ, ಹೇಳದೇ ಇದ್ರೂ ಅಷ್ಟೇ, ನೀನು ಹೋಗೋದು ಹೋಗೋದೇ?”

“ಅಷ್ಟೇ ಹೇಗಾಗುತ್ತೆ?” ಎಂದು ಕಾಫಿ ಲೋಟ ಎತ್ತಿಕೊಂಡು ಒಳಗೆ ನಡೆದಳು ಅವಳು. “ಈಗ ರಜ ಸಿಕ್ಕಾಗೆಲ್ಲ ಬರ್ತೀನಲ್ಲ.”